ರಾಕ್ಷಸನ ಕೋಪಕ್ಕೆ ಒಂದು ಇಂಗ್ಲಿಷ್ ಅರ್ಜಿ

ಒಂದು ಪೆನ್ಸಿಲ್ಲು, ಒಂದು ನೋಟುಬುಕ್ಕು. ಇವೆರಡರ ಹೊರತು ಬೇರೆ ಯಾವ ಆಯುಧವೂ ಇಲ್ಲದೆ ನಾನು ಹೆಣ್ಣು ಕೊಟ್ಟ ಮಾವನನ್ನೂ ಅವರ ಜೊತೆಗೆ ಆರು ಜನ ಮರ್ಯಾದಸ್ಥರನ್ನೂ ಮಧುಗಿರಿಯ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಪೊಲೀಸರ ನಡುವೆ ಕೂರಿಸಿದವನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ಪೂರ್ತಿ ನನ್ನದೇ. ಮಾವನ ಊರು ಪುರವರದಿಂದಾಚೆ ಒಂದು ಹರದಾರಿ ದೂರದಲ್ಲಿದೆ. ಹೆಸರು ಮಾತ್ರ ಹೇಳುವುದಿಲ್ಲ. ಯುಗಾದಿಗೆ ಅಲ್ಲಿಗೆ ಹೋಗಿ ಒಬ್ಬಟ್ಟು ತಿನ್ನಬೇಕಾದವನು ನಾನು.

ನನ್ನ ಯೋಗ್ಯತೆಯನ್ನೂ ಹೇಳಿಬಿಡಬೇಕು. ನಮ್ಮೂರು ತೋವಿನಕೆರೆ. ತುಮಕೂರಿನ ಹೈಸ್ಕೂಲಿನಲ್ಲಿ ಕೊನೆಯ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಹಾಗೇ ಎದ್ದು ಬಂದವನು. ಲೆಕ್ಕ ಕೈಕೊಟ್ಟಿತು. ಆದರೆ ಇಂಗ್ಲಿಷಿನಲ್ಲಿ ಪಾಸು. ಆ ಇಂಗ್ಲಿಷಿಗೆ ಸಾಕ್ಷಿಯಾಗಿ ನನ್ನ ಹತ್ತಿರ ಒಂದು ನೋಟುಬುಕ್ಕಿತ್ತು. ನಮ್ಮ ಮೇಷ್ಟ್ರು ಒಂದು ದಿನ ಒಂದೇ ಅರ್ಥ ಬರುವ ಪದಗಳನ್ನೆಲ್ಲ ಹುಡುಕಿ, ಒಂದೊಂದು ಸಾಲಿಗೆ ನಾಲ್ಕೈದರಂತೆ ಬರೆಸಿದ್ದರು. ‘ಇವೆಲ್ಲ ಒಂದೇ ಮನೆಯವರು ಕಣ್ರಯ್ಯಾ’ ಅಂದಿದ್ದರು. ಮಾರನೆಯ ದಿನ, ‘ಒಂದೇ ಮನೆಯವರಾದರೂ ಒಬ್ಬೊಬ್ಬರ ಗುಣ ಒಂದೊಂದು’ ಅಂತ ಹೇಳಿ ಆ ಗುಣಗಳನ್ನೂ ಬರೆಸಿದರಂತೆ. ಮಾರನೆಯ ದಿನ ನಾನು ಇರಲಿಲ್ಲ. ಬೆಟ್ಟದಲ್ಲಿ ಕಾರೆಹಣ್ಣು ಕೀಳುತ್ತಿದ್ದೆ.

ಹಣ್ಣು ಬಹಳ ಚೆನ್ನಾಗಿತ್ತು.

ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋದವನು ನಾಲ್ಕು ದಿನ ಇದ್ದು ಬರಬೇಕು. ನಾನು ನಾಲ್ಕು ವಾರ ಇದ್ದೆ. ಅಲ್ಲಿಂದ ಏಳಲು ಯಾರಿಗೆ ಮನಸ್ಸು ಬರುತ್ತದೆ? ಆ ಮನೆಯಲ್ಲಿ ಅಳಿಯನಿಗೆ ಯಾರೂ ಎದುರಾಡುವಂತಿಲ್ಲ. ಅದರಲ್ಲೂ ಮಾವ ಈರಣ್ಣನವರು ನನ್ನ ಮುಖ ನೋಡಿ ಒಂದು ಗಟ್ಟಿ ಮಾತು ಆಡಿದವರಲ್ಲ. ಒಂದು ದಿನ ನಾನು ಹೊಲದ ಬೇಲಿಯ ಗಳ ತೆಗೆದವನು ಮತ್ತೆ ಹಾಕುವುದನ್ನು ಮರೆತೆ. ಎತ್ತುಗಳು ಒಳಗೆ ನುಗ್ಗಿ ಅವರೆಕಾಯಿಯ ಸಾಲನ್ನೆಲ್ಲ ಮೇದುಬಿಟ್ಟವು. ಮಾವ ಬಂದರು, ನೋಡಿದರು, ನನ್ನ ಕಡೆ ತಿರುಗಿ, “ಬಿಸ್ಲಲ್ಲಿ ಯಾಕೆ ನಿಂತಿದ್ದೀರಿ ಅಳಿಯಂದ್ರೇ, ನೆಳ್ಳಿಗೆ ಬನ್ನಿ” ಅಂದರು. ಆಮೇಲೆ ಕೊಟ್ಟಿಗೆಗೆ ಹೋಗಿ ಎತ್ತಿನ ಮುಂದೆ ನಿಂತು, “ಲೇ, ಕಣ್ಣಿಲ್ವೇನ್ಲಾ ನಿಂಗೆ? ಓದಿದ್ದೀಯಂತೆ, ಏನ್ಲಾ ಓದಿದ್ದು?” ಅಂತ ಮೆಲ್ಲಗೆ ಕೇಳಿದರು. ಎತ್ತು ಓದಿರಲಿಲ್ಲ.

ಇಂಥ ಮೆತ್ತನೆಯ ಮನುಷ್ಯನಿಗೆ ಆ ವರ್ಷ ಊರ ನಾಟಕದಲ್ಲಿ ರಾಕ್ಷಸನ ಪಾರ್ಟು ಸಿಕ್ಕಿತ್ತು.

ಸಿಕ್ಕಿದ್ದು ಸುಮ್ಮನೆ ಅಲ್ಲ. ಹನ್ನೊಂದು ವರ್ಷ ಮಾವ ಆ ನಾಟಕಕ್ಕೆ ಪರದೆ ಎಳೆದಿದ್ದರು. ಪರದೆಯ ಹಗ್ಗ ಹಿಡಿದುಕೊಂಡೇ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದ್ದರು. ಹಳೆಯ ರಾಕ್ಷಸನಿಗೆ ಮುಂದಿನ ಹಲ್ಲುಗಳು ಬಿದ್ದು, ಗರ್ಜಿಸಿದರೆ ಬರೀ ಗಾಳಿ ಬರತೊಡಗಿದ ಮೇಲೆ ಪಾತ್ರ ಇವರ ಪಾಲಿಗೆ ಬಂತು. ಆವತ್ತಿನಿಂದ ಮಾವ ಕ್ಷೌರದವನ ಕಡೆ ತಿರುಗಿ ನೋಡಿರಲಿಲ್ಲ. ಅತ್ತೆ ಹಾಲು ಮೊಸರು ತುಪ್ಪ ಅಂತ ರಾಕ್ಷಸನನ್ನು ಮೇಯಿಸುತ್ತಿದ್ದರು.

ಒಂದೇ ಒಂದು ತೊಡಕು. ರಾಕ್ಷಸನಿಗೆ ಕೋಪ ಬರುತ್ತಿರಲಿಲ್ಲ.

ನಾಟಕ ಕಲಿಸಲು ಸಿರಾದಿಂದ ಬಾಷಾ ಸಾಹೇಬರು ಬಂದಿದ್ದರು. ಹಾರ್ಮೋನಿಯಂ ಅವರದೇ, ವೇಷದ ಪೆಟ್ಟಿಗೆಗಳೂ ಅವರವೇ. ತನಗೆ ಶಾಪ ಕೊಟ್ಟ ಋಷಿಕುಮಾರನ ಮುಂದೆ ನಿಂತು ರಾಕ್ಷಸ ಆಡಬೇಕಾದ ಮಾತು ಹೀಗಿತ್ತು: ‘ಎಲೈ ಮಂದಮತಿಯೇ! ನಿನ್ನ ಬಾಯಿಂದ ಹೊರಟ ಒಂದೊಂದು ನುಡಿಯೂ ನನ್ನ ಕುಲಕ್ಕೆ ಬೆಂಕಿಯಾಯಿತು! ನಿನ್ನನ್ನು ಹುರಿದು ಮುಕ್ಕಲೇ? ಅರೆದು ಕುಡಿಯಲೇ?’

ಮಾವ ಇದನ್ನು ಹೇಳುತ್ತಿದ್ದ ರೀತಿಗೆ ಋಷಿಕುಮಾರನಿಗೆ ಹಸಿವಾಗುತ್ತಿತ್ತು. ಹುರಿದು ಮುಕ್ಕಲೇ, ಅರೆದು ಕುಡಿಯಲೇ ಅಂದರೆ, ಇನ್ನೊಂದು ಮುದ್ದೆ ಹಾಕಲೇ, ಸಾರು ಬಿಡಲೇ ಅಂತ ಪಂಕ್ತಿಯಲ್ಲಿ ಉಪಚಾರ ಮಾಡಿದ ಹಾಗೇ ಕೇಳಿಸುತ್ತಿತ್ತು.

ಸಾಹೇಬರು ಹಾರ್ಮೋನಿಯಂ ನಿಲ್ಲಿಸಿ ತಲೆ ಹಿಡಿದುಕೊಳ್ಳುತ್ತಿದ್ದರು. “ಅರೆ ಈರಣ್ಣ ಭಾಯ್, ಗುಸ್ಸಾ ಬೇಕು, ಗುಸ್ಸಾ. ನೀವು ರಾಕ್ಷಸ. ಮಾವನ ಮನೆ ಬೀಗರಲ್ಲ.”

“ಬರಾಕಿಲ್ಲ ಸಾಯೇಬ್ರೇ. ಎಲ್ಲಿಂದ ತರ್ಲಿ?”

“ಯಾರ ಮೇಲಾದ್ರೂ ನಿಮ್ಗೆ ಕೋಪ ಐತಾ? ಅವರ್ನ ನೆನೆಸ್ಕೊಳ್ಳಿ.”

ಮಾವ ಬಹಳ ಹೊತ್ತು ಯೋಚಿಸಿ, “ಎತ್ತು ಐತೆ” ಅಂದರು.

ಸಾಹೇಬರು ಕೊನೆಯ ಮಾತು ಹೇಳಿಬಿಟ್ಟರು. ಹುಣ್ಣಿಮೆಗೆ ನಾಟಕ, ಅಷ್ಟರೊಳಗೆ ಕೋಪ ಬರದಿದ್ದರೆ ರಾಕ್ಷಸನ ಪಾತ್ರ ಬೇರೆಯವರಿಗೆ, ಈರಣ್ಣನವರಿಗೆ ಮತ್ತೆ ಪರದೆ. ಹುಣ್ಣಿಮೆ ದಾಟುವ ಹಾಗೂ ಇಲ್ಲ, ಯಾಕೆಂದರೆ ಮಾರನೆಯ ದಿನವೇ ಸಾಹೇಬರು ಪಾವಗಡದ ಕಡೆಯ ಇನ್ನೊಂದು ಊರಿಗೆ ಹೋಗಲು ಮಾತು ಕೊಟ್ಟಿದ್ದರು. ಹಾರ್ಮೋನಿಯಮ್ಮೂ ಪೆಟ್ಟಿಗೆಗಳೂ ಅವರ ಹಿಂದೆ ಹೊರಡುವವು. ಆ ದಿನ ಮಾವ ಊಟ ಸರಿಯಾಗಿ ಮಾಡಲಿಲ್ಲ. ಗಡ್ಡ ಕೆರೆಯುತ್ತಾ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ನಾಟಕ ಆಡಲು ತಾಲ್ಲೂಕು ಕಚೇರಿಯಿಂದ ಅಪ್ಪಣೆ ಬೇರೆ ಬರಬೇಕಿತ್ತು.

ಅಪ್ಪಣೆಯ ಅರ್ಜಿಯನ್ನು ಪ್ರತಿವರ್ಷ ಶಾನುಭೋಗರು ಕನ್ನಡದಲ್ಲಿ ಎರಡು ಸಾಲು ಗೀಚಿ ಕೊಡುತ್ತಿದ್ದರು. ಈ ಸಲ ನಾನೇ ಬಾಯಿ ಹಾಕಿದೆ. “ಇಂಗ್ಲಿಷಿನಲ್ಲಿ ಕೊಟ್ಟರೆ ಅಮಲ್ದಾರರು ಎದ್ದು ನಿಂತು ಓದುತ್ತಾರೆ ಮಾವ, ಮಾರನೆಯ ದಿನವೇ ಅಪ್ಪಣೆ” ಅಂದೆ. ಮಾವನ ಮುಖ ದೀಪ ಹಚ್ಚಿದಂತಾಯಿತು. ಶಾನುಭೋಗರು ಮೂಗಿಗೆ ನಶ್ಯ ಏರಿಸಿ, “ಆಗ್ಲಪ್ಪ, ಓದಿದೋರು ಬಂದವ್ರೆ, ನಮ್ದೇನೈತೆ” ಅಂತ ಎದ್ದು ಹೋದರು. ಅವರು ಹೋದ ದಾರಿಯಲ್ಲಿ ನಾನೂ ಹಾಗೇ ಎದ್ದು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊದಲು ನಾನು ಬರೆದದ್ದು ಸಾಧುವಾದ ಅರ್ಜಿ. ಈ ಊರಿನ ನಾಟಕದ ಗ್ರೂಪಿನವರು ನಾವು, ನಮ್ಮ ಲೀಡರು ಫೇಮಸ್ಸಾದ ಈರಣ್ಣನವರು, ಹುಣ್ಣಿಮೆಗೆ ನಾಟಕ ಮಾಡಲು ಪ್ಲಾನ್ ಮಾಡಿದ್ದೇವೆ, ಅಪ್ಪಣೆ ಕೊಡಬೇಕೆಂದು ರಿಕ್ವೆಸ್ಟ್. ನಾಟಕದವರಿಗೆ ಒಂದು ಪದ್ಧತಿಯಿತ್ತು. ಯಾವ ಮಾತೇ ಆಗಲಿ, ಹಾರ್ಮೋನಿಯಂ ಶ್ರುತಿಗೆ ನಿಂತು ಜೋರಾಗಿ ಹೇಳಿ ನೋಡಬೇಕು. ತಾಲೀಮು ನಡೆಯುತ್ತಿದ್ದ ಕೊಟ್ಟಿಗೆಯ ಕೊನೆಯಲ್ಲಿ ಕೂತವನಿಗೆ ಎದೆ ನಡುಗಿದರೆ ಮಾತು ಪಾಸು, ಇಲ್ಲದಿದ್ದರೆ ಫೇಲು. ನನ್ನ ಅರ್ಜಿಯನ್ನೂ ಆ ಸಂಜೆ ಹಾಗೇ ಪರೀಕ್ಷೆಗೆ ಇಟ್ಟರು. ಸಾಹೇಬರು ಶ್ರುತಿ ಹಿಡಿದರು. ನಾನು ನಿಂತು ಓದಿದೆ.

ಯಾರೂ ನಡುಗಲಿಲ್ಲ. ಒಬ್ಬರು ಆಕಳಿಸಿದರು.

ರಾಜನ ಪಾತ್ರದ ಪಟೇಲರು ಮೀಸೆ ಸವರಿಕೊಂಡು, “ಇಷ್ಟೇನಾ ಅಳಿಯಂದ್ರೇ? ದಾರೀಲಿ ಹೋಗೋನು ಕುಡಿಯಾಕೆ ನೀರು ಕೇಳ್ದಂಗೈತಲ್ಲ” ಅಂದರು.

ಮಾವ ಸಂಕೋಚದಿಂದ ಕೈ ಹಿಸುಕಿಕೊಂಡರು. “ಎಲ್ಲಾ ಚಂದಾಗೈತೆ. ಆದ್ರೆ ನನ್ ಹೆಸ್ರಿನ ಹಿಂದೆ ಪೇಮಸ್ಸು ಅಂತ ಹಾಕಿದ್ದೀರಲ್ಲ, ಅದು ಬೆಕ್ಕು ಸೀನ್ದಂಗೆ ಕೇಳ್ತದೆ. ವಸಿ ತೂಕದ್ದು ಇಲ್ವಾ?”

ಇಲ್ಲದೆ ಏನು? ನೋಟುಬುಕ್ಕು ತೆಗೆದೆ. ಅದರಲ್ಲಿ ಫೇಮಸ್ಸಿನ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರನ್ನೇ ಕೂಗಿದೆ. ವೆಲ್‌ನೋನ್ ಅಂದೆ, ತಲೆಯಾಡಿಸಿದರು. ಸೆಲೆಬ್ರೇಟೆಡ್ ಅಂದೆ, ಸಾಹೇಬರು ಮೂಗು ಮುರಿದರು. ಸಾಲಿನ ಕೊನೆಯಲ್ಲಿದ್ದವನನ್ನು ಎದೆ ತುಂಬ ಉಸಿರೆಳೆದು ಕೂಗಿದೆ: “ನೊಟೋರಿಯಸ್.”

ಮೂಲೆಯಲ್ಲಿದ್ದ ಕರು ಎದ್ದು ನಿಂತಿತು.

“ವಾಹ್” ಅಂದರು ಸಾಹೇಬರು. “ಇದು ಮಾತು. ಮಧ್ಯದಲ್ಲಿ ‘ಟೋ’ ಅಂತ ಏಳ್ತದೆ ನೋಡಿ, ಅಲ್ಲಿ ತಬಲಾ ಕೂರ್ತದೆ.”

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಗ್ರೂಪು ಅನ್ನುವುದು ಬಾವಿಗೆ ಕೊಡ ಬಿದ್ದ ಹಾಗಿದೆ ಅಂದರು, ಗ್ಯಾಂಗ್ ಕೊಟ್ಟೆ. ದೇವಸ್ಥಾನದ ಗಂಟೆ ಹೊಡೆದ ಹಾಗಿದೆ ಅಂತ ಎಲ್ಲರಿಗೂ ಸಂತೋಷ. ಪ್ಲಾನ್ ಚಪ್ಪೆ ಅಂದರು, ಕಾನ್ಸ್‌ಪಿರಸಿ ಕೊಟ್ಟೆ. ರಿಕ್ವೆಸ್ಟು ಬೇಡ, ಡಿಮಾಂಡು ಬಂತು. ರಾಣಿಯ ಪಾತ್ರದ ತಿಮ್ಮಯ್ಯ ಮೀಸೆ ಬೋಳಿಸಿಕೊಂಡು ವಾರವಾಗಿತ್ತು. ಅವನು ಬರಿ ತುಟಿ ಸವರುತ್ತಾ, “ಸಾಯೇಬ್ರನ್ನ ಬರೀ ಹೆಲ್ಪರು ಅಂದ್ರೆ ಮರ್ಯಾದೆ ಅಲ್ಲ ಕಣ್ರಪ್ಪ” ಅಂದ. ಸಾಹೇಬರಿಗೆ ಅಕಾಂಪ್ಲಿಸ್ ಅನ್ನುವ ಬಿರುದು ಕೊಟ್ಟೆ. ಅವರು ಎದ್ದು ನಿಂತು ಸಲಾಮು ಮಾಡಿದರು.

ರಾಕ್ಷಸ ರಂಗಕ್ಕೆ ಬರುವಾಗ ಪಂಜಿನ ಮೇಲೆ ರಾಳದ ಪುಡಿ ಎರಚಿ ಭಗ್ಗನೆ ಉರಿ ಏಳಿಸುವುದು ವಾಡಿಕೆ. ಅದನ್ನೂ ಬರೆಯಲೇಬೇಕೆಂದು ಮಾವನ ಆಸೆ. ಬರೀ ಫೈರ್ ಅಂತ ಬರೆದಿದ್ದೆ. ಅದರ ಮನೆಯಲ್ಲಿ ಹುಡುಕಿದರೆ ಆರ್ಸನ್ ಅನ್ನುವವನು ಸಿಕ್ಕಿದ. ಮರದ ಕತ್ತಿಗಳಿದ್ದವಲ್ಲ, ಅವಕ್ಕೆ ವೆಪನ್ಸ್. ಕೆಳಗೆ ಸಾಹೇಬರೂ ಸೇರಿ ಏಳೂ ಜನರ ಹೆಸರು ಬರೆದು, ಹೆಬ್ಬೆಟ್ಟು ಒತ್ತಿಸಿ, ಮತ್ತೊಮ್ಮೆ ಶ್ರುತಿಗೆ ಓದಿದೆ. ಈ ಸಲ ಕೊನೆಯಲ್ಲಿ ಕೂತವರ ಎದೆ ನಡುಗಿತು. ಎಲ್ಲರೂ ತಮ್ಮ ತಮ್ಮ ಬಿರುದನ್ನು ಬಾಯಿಪಾಠ ಮಾಡಿಕೊಂಡರು.

ಮಧುಗಿರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಟಪಾಲು ನೋಡುವ ಗುಮಾಸ್ತರು ಮೊದಲ ಸಾಲು ಓದಿ ನನ್ನ ಮುಖ ನೋಡಿದರು. ಎರಡನೆಯ ಸಾಲು ಓದಿ ನನ್ನಿಂದ ಒಂದು ಮಾರು ದೂರ ಸರಿದರು. ಇಂಗ್ಲಿಷಿನ ಗೌರವ ಅಂದುಕೊಂಡೆ.

ಮಾರನೆಯ ದಿನ ಅಪ್ಪಣೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟಪಾಲಿನವನು ಬರುವ ದಾರಿ ನೋಡಲು ಕೆರೆ ಏರಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ನಾನು ಏರಿಯಿಂದ ಇಳಿಯುವಾಗ ಮಾವ ಏರಿ ಹತ್ತುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡು, ಗಾಳಿಗೆ ಬಂದೆ ಅಂತ ಸುಳ್ಳು ಹೇಳುತ್ತಿದ್ದೆವು.

ನನ್ನ ಹೆಂಡತಿ ಗಂಗೆ ರಾಗಿ ಕೇರುತ್ತಾ, “ಏನಂದ್ರೆ, ಚಾಪೆ ಏನಾದ್ರೂ ಕಚ್ತದಾ ನಿಮ್ಗೆ? ಒಂದ್ಗಳಿಗೆ ಕುಂತ್ಕಳಿ” ಅಂದಳು.

“ಅಪ್ಪಣೆ ಬಂದೇ ಬರುತ್ತೆ. ತೂಕದ ಅರ್ಜಿ ಅದು.”

“ತೂಕ ಜಾಸ್ತಿಯಾಗಿ ದಾರೀಲಿ ಎಲ್ಲೋ ಇಳಿಸವ್ರೆ ಅನ್ಸುತ್ತೆ” ಅಂದಳು ಅವಳು, ಮೊರದಿಂದ ಕಣ್ಣೆತ್ತದೆ. ಆಮೇಲೆ ದನಿ ತಗ್ಗಿಸಿ, “ಅಪ್ಪಯ್ಯ ಮೂರು ದಿನದಿಂದ ಸರ್ಯಾಗಿ ಉಂಡಿಲ್ಲ ಕಣ್ರಿ. ಹನ್ನೊಂದು ವರ್ಷ ಹಗ್ಗ ಎಳ್ದವ್ರೆ. ಈ ಸಲಾನೂ ತಪ್ಪಿದ್ರೆ ಅವ್ರು ಇನ್ನು ರಂಗಕ್ಕೆ ಹತ್ತಾಕಿಲ್ಲ” ಅಂದಳು. ನಾನು ಮತ್ತೆ ಏರಿಗೆ ಹೋದೆ.

ಹುಣ್ಣಿಮೆಗೆ ನಾಲ್ಕು ದಿನವಿದೆ ಅನ್ನುವಾಗ ಅಪ್ಪಣೆ ಬಂತು. ಕಾಗದದಲ್ಲಿ ಅಲ್ಲ, ಕಾಲಿನಲ್ಲಿ. ಒಬ್ಬ ದಫೇದಾರ, ಇಬ್ಬರು ಪೇದೆಗಳು.

ಸರ್ಕಾರವೇ ಮನೆ ಬಾಗಿಲಿಗೆ ಬಂತೆಂದು ಮಾವನಿಗೆ ಮೈ ಮೇಲೆ ಪ್ರಜ್ಞೆ ಇಲ್ಲ. ಮಜ್ಜಿಗೆ ಬಂತು, ಬೆಲ್ಲ ಬಂತು, ಚಾಪೆ ಬಂತು. ದಫೇದಾರರು ಒಂದು ಚೀಟಿ ಹಿಡಿದುಕೊಂಡು ತಡವರಿಸುತ್ತಾ ಓದಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಚೀಟಿಯಲ್ಲಿದ್ದವೆಲ್ಲ ಹೆಸರುಗಳೇ ಅಂದುಕೊಂಡಿದ್ದರು.

“ಇಲ್ಲಿ ನೊಟೋರಿಯಸ್ ಅನ್ನೋನು ಯಾವನಯ್ಯಾ?”

ಮಾವ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಎದೆ ಮುಂದೆ ಮಾಡಿದರು. “ನಾನೇ ಸ್ವಾಮಿ.”

“ಗ್ಯಾಂಗ್?”

“ನಾವೆಲ್ಲ ಗ್ಯಾಂಗೇ ಬುದ್ಧಿ” ಅಂದರು ಪಟೇಲರು. ತಿಮ್ಮಯ್ಯ ಹಿಂದಿನಿಂದ ಕೈ ಎತ್ತಿದ, ತನ್ನನ್ನು ಎಲ್ಲಿ ಬಿಟ್ಟುಬಿಡುತ್ತಾರೋ ಅಂತ.

“ಈ ಅಕಾಂಪ್ಲಿಸ್ ಅಂದ್ರೆ?”

“ಗುಲಾಮ ಹಾಜರಿದ್ದಾನೆ ಹುಜೂರ್” ಅಂತ ಸಾಹೇಬರು ಬಗ್ಗಿ ಸಲಾಮು ಮಾಡಿದರು.

ಪೇದೆಗಳಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ, “ಇಷ್ಟು ಸಲೀಸಾಗಿ ಒಪ್ಕಳೋರ್ನ ನಾನು ನೋಡೇ ಇಲ್ಲ ಕಣ್ಲಾ” ಅಂದ. ಅದೂ ನನಗೆ ಕೇಳಿಸಿತು. ದಫೇದಾರರು, “ಅಮಲ್ದಾರ್ ಸಾಹೇಬರು ಎಲ್ಲರನ್ನೂ ಕರ್ಕೊಂಡು ಬಾ ಅಂದವ್ರೆ, ವೆಪನ್ಸೂ ತರಬೇಕಂತೆ” ಅಂದ ಕೂಡಲೇ, ನಾಟಕದ ತುಣುಕೊಂದನ್ನು ಕಚೇರಿಯಲ್ಲೇ ನೋಡುವ ಆಸೆ ಇರಬೇಕು ಅಂತ ಎಲ್ಲರೂ ತೀರ್ಮಾನಿಸಿದರು. ಎರಡು ಗಾಡಿ ಕಟ್ಟಿದರು. ಹಾರ್ಮೋನಿಯಂ ಏರಿತು, ಕತ್ತಿಯ ಪೆಟ್ಟಿಗೆ ಏರಿತು. ಮಾವ ಹಣೆಗೆ ಕುಂಕುಮ ಇಟ್ಟುಕೊಂಡರು. ಪೊಲೀಸರ ಮಧ್ಯೆ ಹಾಡು ಹೇಳಿಕೊಂಡು ಮಧುಗಿರಿಯವರೆಗೂ ಹೋದ ಆರೋಪಿಗಳು ಮೈಸೂರು ಸೀಮೆಯಲ್ಲೇ ಇವರು ಮಾತ್ರ ಇರಬೇಕು.

ಆ ವರ್ಷ ಅಲ್ಲಲ್ಲಿ ಬಿಳಿ ಟೋಪಿಯವರು ಸಭೆ ಸೇರುತ್ತಿದ್ದರು. ನಾಲ್ಕು ಜನ ಒಂದು ಮರದ ಕೆಳಗೆ ಬೀಡಿ ಹಚ್ಚಿದರೂ ಕಚೇರಿಯವರು ಬೆಚ್ಚಿಬೀಳುತ್ತಿದ್ದ ಕಾಲ ಅದು. ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ಯೋಚಿಸುವ ಕೆಲಸವನ್ನು ನೋಟುಬುಕ್ಕಿಗೆ ಬಿಟ್ಟಿದ್ದೆ.

ನಮ್ಮನ್ನು ಜಗಲಿಯ ಮೇಲೆ ಕೂರಿಸಿದರು. ಅಮಲ್ದಾರರು ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಕನ್ನಡಕದ ಮೇಲಿನಿಂದ ಒಬ್ಬೊಬ್ಬರನ್ನೂ ನೋಡಿ ಗುಮಾಸ್ತರಿಗೆ, “ಓದಿ ಹೇಳ್ರಿ ಇವರಿಗೆ” ಅಂದರು. ಕಚೇರಿಯ ಕಡತವೆಲ್ಲ ಕನ್ನಡದಲ್ಲೇ ಇರಬೇಕಾದ್ದರಿಂದ ನನ್ನ ಅರ್ಜಿಯನ್ನು ಗುಮಾಸ್ತರು ಕಷ್ಟಪಟ್ಟು ಕನ್ನಡ ಮಾಡಿಟ್ಟಿದ್ದರು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು:

“ಕುಖ್ಯಾತನಾದ ಈರಣ್ಣನ ಮುಂದಾಳುತನದಲ್ಲಿ ನಾವು ಏಳು ಜನ ಪುಂಡರ ತಂಡ ಕಟ್ಟಿಕೊಂಡು ಮೂರು ತಿಂಗಳಿಂದ ಪಿತೂರಿ ನಡೆಸಿರುತ್ತೇವೆ. ಈ ಅಪರಾಧದಲ್ಲಿ ಸಿರಾದ ಬಾಷಾ ಸಾಹೇಬನು ನಮ್ಮ ಪಾಲುದಾರನು. ಬರುವ ಹುಣ್ಣಿಮೆಯ ದಿನ ಮಾರಕಾಸ್ತ್ರಗಳೊಂದಿಗೆ ಸೇರಿ, ಈರಣ್ಣನು ಬರುತ್ತಲೇ ಊರಲ್ಲಿ ಬೆಂಕಿ ಇಡುವವರಿದ್ದೇವೆ. ಇದಕ್ಕೆ ಸರ್ಕಾರವು ಅಪ್ಪಣೆ ಕೊಡಲೇಬೇಕೆಂದು ತಾಕೀತು ಮಾಡುತ್ತೇವೆ. ಹೀಗೆಂದು ವಿಧೇಯರಾದ...” ಅಂತ ಏಳೂ ಹೆಸರು ಓದಿದರು.

ತನ್ನ ಹೆಸರು ಬಂದಾಗ ತಿಮ್ಮಯ್ಯ ಎತ್ತಿದ್ದ ಕೈಯನ್ನು ನಿಧಾನವಾಗಿ ಇಳಿಸಿಕೊಂಡ.

“ಮೂವತ್ತು ವರ್ಷ ಆಯ್ತು ನಾನು ಕೆಲಸಕ್ಕೆ ಸೇರಿ” ಅಂದರು ಅಮಲ್ದಾರರು. “ಊರಿಗೆ ಬೆಂಕಿ ಇಡೋಕೆ ಮುಂಚೆ ಹೆಬ್ಬೆಟ್ಟು ಒತ್ತಿ ಅಪ್ಪಣೆ ಕೇಳಿದೋರು ನೀವೇ ಮೊದಲು. ಯಾರು ಬರೆದದ್ದು ಇದು?”

ಆರು ಬೆರಳುಗಳು ನನ್ನ ಕಡೆ ತಿರುಗಿದವು. ಏಳನೆಯದು ಮಾವನದು. ಅಳಿಯನ ಕಡೆ ಬೆರಳು ತೋರಿಸಬಾರದೆಂದು ಅವರು ಅದನ್ನು ಮಡಚಿಕೊಂಡಿದ್ದರು.

ನಾನು ಎದ್ದು ನಿಂತು, ಇದು ನಾಟಕ ಸ್ವಾಮಿ, ಬರೀ ನಾಟಕ, ಎಂದು ಎಲ್ಲವನ್ನೂ ಒದರಿದೆ. ನೋಟುಬುಕ್ಕನ್ನೂ ಒಪ್ಪಿಸಿದೆ. ಅಮಲ್ದಾರರು ಪುಟ ತಿರುವುತ್ತಾ ಹೋದ ಹಾಗೆ ಅವರ ಮೀಸೆ ಅಲುಗತೊಡಗಿತು.

“ಏನಪ್ಪಾ, ನಾಲ್ಕು ಜನ ಸೇರಿ ಮದುವೆ ಮಾತಾಡೋದೂ ಸೇರೋದೇ, ನಾಲ್ಕು ಜನ ಸೇರಿ ಕನ್ನ ಹಾಕೋದೂ ಸೇರೋದೇ. ಎರಡೂ ಒಂದೇ ಏನು?”

“ಅಲ್ಲ ಸ್ವಾಮಿ.”

“ದೇವರ ಮುಂದೆ ದೀಪಕ್ಕೆ ಬೆಂಕಿ ಮುಟ್ಟಿಸೋನೂ ಹಚ್ಚೋನೇ, ಪಕ್ಕದವನ ಬಣವೆಗೆ ಮುಟ್ಟಿಸೋನೂ ಹಚ್ಚೋನೇ. ನೀನು ಯಾರನ್ನ ಬರೆದಿದ್ದೀಯ?”

“ಬಣವೆಯವನನ್ನ ಸ್ವಾಮಿ.”

“ನಿಮ್ಮ ಮಾವನಿಗೆ ಊರಲ್ಲಿ ಒಳ್ಳೆ ಹೆಸರಿದೆ ಅಂತ ಹೇಳೋಕೆ ಹೋಗಿ ಕೆಟ್ಟ ಹೆಸರಿದೆ ಅಂತ ಸರ್ಕಾರಕ್ಕೆ ಬರೆದು ಕೊಟ್ಟಿದ್ದೀಯ. ಎರಡಕ್ಕೂ ಜನ ಗುರುತು ಹಿಡೀತಾರೆ, ನಿಜ. ಒಬ್ಬನಿಗೆ ಕೈ ಮುಗೀತಾರೆ, ಇನ್ನೊಬ್ಬನ್ನ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ. ಈ ಕತ್ತಿಗಳು ಮರದವು ಅಂತಾದ್ರೂ ಬರೀಬಾರದಿತ್ತಾ?”

“ಮರ ಅಂದರೆ ತೂಕ ಕಮ್ಮಿ ಅಂದರು ಸ್ವಾಮಿ.”

ಗುಮಾಸ್ತರು ಕಡತದಲ್ಲಿ ಮುಖ ಮರೆಸಿಕೊಂಡರು. ಅವರ ಭುಜಗಳು ಕುಣಿಯುತ್ತಿದ್ದವು.

ನಾನು ಓರೆಗಣ್ಣಿನಿಂದ ಮಾವನನ್ನು ನೋಡಿದೆ. ಅಂಥ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಕುಖ್ಯಾತ ಅನ್ನುವ ಮಾತು ಅವರ ಕಿವಿಯಿಂದ ಇಳಿದು ಎದೆಗೆ ಮುಟ್ಟಿ, ಅಲ್ಲಿಂದ ಮತ್ತೆ ಮೇಲೆ ಹತ್ತುತ್ತಿತ್ತು. ಕತ್ತಿನ ನರ ಉಬ್ಬಿತ್ತು. ಅವರು ಸುತ್ತಲೂ ಏನನ್ನೋ ಹುಡುಕುತ್ತಿದ್ದರು. ಏನೆಂದು ನನಗೆ ತಕ್ಷಣ ಗೊತ್ತಾಯಿತು. ಎತ್ತು. ಆದರೆ ಎತ್ತುಗಳನ್ನು ಗಾಡಿಯವನು ನೀರಿಗೆ ಹೊಡೆದುಕೊಂಡು ಹೋಗಿದ್ದ. ಬೈಯಲು ಅಲ್ಲಿ ಒಂದು ಕರುವೂ ಇರಲಿಲ್ಲ.

“ನಾಟಕ ಅಂತೀರಿ. ನಂಬೋದು ಹೆಂಗೆ?” ಅಂದರು ಅಮಲ್ದಾರರು. “ಯಾರಪ್ಪಾ ಆ ರಾಕ್ಷಸ? ಎರಡು ಮಾತು ಆಡಿ ತೋರಿಸು ನೋಡೋಣ. ನಿಜವಾದ ನಾಟಕದೋರಾದ್ರೆ ಇವತ್ತೇ ಅಪ್ಪಣೆ. ಇಲ್ಲದಿದ್ರೆ ದಫೇದಾರರ ಜೊತೆ ಮಾತಾಡಿ.”

ಸಾಹೇಬರ ಮುಖ ಬಿಳಿಚಿಕೊಂಡಿತು. ಮೂರು ತಿಂಗಳು ತಿದ್ದಿ ಸೋತವರು ಅವರು. ಅಂಗಳದಲ್ಲಿ ಹಾರ್ಮೋನಿಯಂ ಇಟ್ಟು, ಯಾವುದೋ ದೇವರಿಗೆ ಹರಕೆ ಹೊರುವವರಂತೆ ಕಣ್ಣು ಮುಚ್ಚಿ ಶ್ರುತಿ ಹಿಡಿದರು. ಋಷಿಕುಮಾರನ ಪಾತ್ರದವನು ಎದುರಿಗೆ ಬಂದು ನಿಂತ.

ಮಾವ ಅವನನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದರು. ನೇರವಾಗಿ ನನ್ನ ಮುಂದೆ ಬಂದು ನಿಂತರು.

“ಎಲೈ ಮಂದಮತಿಯೇ!”

ಕಚೇರಿಯ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ನಾನು ಒಂದು ಹೆಜ್ಜೆ ಹಿಂದೆ ಹೋದೆ. ಮಾವ ಎರಡು ಹೆಜ್ಜೆ ಮುಂದೆ ಬಂದರು.

“ನಿನ್ನ ಬಾಯಿಂದ ಹೊರಟ ಒಂದೊಂದು ನುಡಿಯೂ ನನ್ನ ಕುಲಕ್ಕೆ ಬೆಂಕಿಯಾಯಿತು! ನಿನ್ನನ್ನು ಹುರಿದು ಮುಕ್ಕಲೇ? ಅರೆದು ಕುಡಿಯಲೇ?”

ಇದು ಉಪಚಾರದ ಮಾತಲ್ಲ ಅಂತ ಈ ಸಲ ಪೇದೆಗಳಿಗೂ ಗೊತ್ತಾಯಿತು. ಅದರ ಮುಂದಿನ ಮಾತುಗಳು ನಾಟಕದಲ್ಲಿ ಇರಲಿಲ್ಲ. “ಅವರೆಕಾಯಿಯ ಸಾಲು ನುಂಗಿದೆ, ಸುಮ್ಮನಿದ್ದೆನು! ನಾಲ್ಕು ದಿನಕ್ಕೆ ಬಂದು ನಾಲ್ಕು ವಾರ ಕುಳಿತೆ, ಸುಮ್ಮನಿದ್ದೆನು! ಹನ್ನೊಂದು ವರ್ಷದ ನನ್ನ ತಪಸ್ಸಿಗೆ ಕೊಳ್ಳಿ ಇಟ್ಟೆಯಲ್ಲೋ ಪಾಪಿ!” ಎಲ್ಲವೂ ಅದೇ ರಾಗ, ಅದೇ ತಾಳ. ಸಾಹೇಬರು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಆಮೇಲೆ ಆನಂದದಿಂದ ಕಣ್ಣಲ್ಲಿ ನೀರು ತುಂಬಿಕೊಂಡು ನುಡಿಸುತ್ತಲೇ ಇದ್ದರು. ಕಕ್ಷಿಗಾರರು, ಜವಾನರು, ಬೀದಿಯಲ್ಲಿ ಹೋಗುವವರು ಎಲ್ಲ ಬಂದು ಗುಂಪುಗೂಡಿದರು. ಪೇದೆಗಳು ಕೈ ಕಟ್ಟಿಕೊಂಡು ನಿಂತಿದ್ದರು. ಹಿಂದೆ ಹೋಗುತ್ತಾ ಹೋಗುತ್ತಾ ನನ್ನ ಬೆನ್ನಿಗೆ ಗೋಡೆ ತಗುಲಿತು. ಅಲ್ಲೇ ಜಾರಿ ಕೂತೆ.

ಮಾತು ಮುಗಿಯಿತು. ಮಾವ ಒಂದು ಉಸಿರು ಬಿಟ್ಟು ಕಣ್ಣರಳಿಸಿ ಸುತ್ತಲೂ ನೋಡಿದರು. ಕೆಳಗೆ ಕೂತ ನನ್ನನ್ನು ಕಂಡು ಗಾಬರಿಯಾಗಿ, “ಅಯ್ಯೋ, ನೆಲದ ಮ್ಯಾಲೆ ಕುಂತಿದ್ದೀರಲ್ಲ ಅಳಿಯಂದ್ರೇ, ಮಣ್ಣಾಗ್ತದೆ ಏಳಿ” ಅಂತ ಕೈ ಹಿಡಿದು ಎತ್ತಿ ಪಂಚೆ ಕೊಡವಿದರು.

ಅಮಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು. “ನಾಟಕವೇ ಹೌದು. ನಾನೂ ಬರ್ತೀನಿ ನೋಡೋಕೆ” ಅಂದರು. ಆಮೇಲೆ ನನ್ನ ಮುಂದೆ ಒಂದು ಹಾಳೆ ಇಟ್ಟು, “ಕನ್ನಡದಲ್ಲಿ ಬರಿ. ಎರಡೇ ಸಾಲು” ಅಂದರು.

ಲೇಖನಿ ಎತ್ತಿದೆ. ‘ಪ್ರಖ್ಯಾತರಾದ’ ಅಂತ ಬರೆಯಲೋ, ‘ಸುಪ್ರಸಿದ್ಧರಾದ’ ಅಂತಲೋ ಎಂದು ಕೈ ಗಾಳಿಯಲ್ಲಿ ನಿಂತಿತು. ಮಾವ ಹಿಂದಿನಿಂದ ಬಗ್ಗಿ, “ಏನೂ ಬ್ಯಾಡಿ ಅಳಿಯಂದ್ರೇ. ಈರಣ್ಣ ಅಂತ ಬರ್ಕಳಿ. ನಾಟ್ಕ ಆಡ್ತೀವಿ, ಅಪ್ಣೆ ಕೊಡಿ ಅನ್ನಿ. ಸಾಕು” ಅಂದರು. ಬರೆದೆ. ಅಲ್ಲೇ ಮೊಹರು ಬಿತ್ತು. ಶಾನುಭೋಗರು ಪ್ರತಿವರ್ಷ ಗೀಚುತ್ತಿದ್ದ ಅರ್ಜಿಗೂ ಇದಕ್ಕೂ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ.

ಹುಣ್ಣಿಮೆಯ ನಾಟಕದ ಬಗ್ಗೆ ಆ ಕಡೆಯವರನ್ನು ಯಾರನ್ನಾದರೂ ಕೇಳಿ. ರಾಕ್ಷಸ ಬಂದಾಗ ಮುಂದೆ ಕೂತ ಮಕ್ಕಳೆಲ್ಲ ತಾಯಂದಿರ ಸೆರಗಿನೊಳಗೆ ಹೊಕ್ಕವಂತೆ. ನನಗೆ ಸರಿಯಾಗಿ ನೋಡಲಾಗಲಿಲ್ಲ. ಪರದೆ ಎಳೆಯುವವರು ಯಾರೂ ಇರಲಿಲ್ಲವಲ್ಲ, ಆ ಹಗ್ಗ ನನ್ನ ಕೈಯಲ್ಲಿತ್ತು. ಆದರೂ ಒಂದು ಗಮನಿಸಿದೆ. ಋಷಿಕುಮಾರನ ಮುಂದೆ ನಿಂತ ರಾಕ್ಷಸ, ‘ಎಲೈ ಮಂದಮತಿಯೇ’ ಅನ್ನುವ ಮೊದಲು ಪ್ರತಿ ಸಲವೂ ಪರದೆಯ ಮೂಲೆಯಲ್ಲಿದ್ದ ನನ್ನ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದ.

ಮಾರನೆಯ ದಿನ ನಾನೂ ಗಂಗೆಯೂ ಊರಿಗೆ ಹೊರಟೆವು. ಈ ಸಲ ಯಾರೂ ಇನ್ನೆರಡು ದಿನ ಇರಿ ಅನ್ನಲಿಲ್ಲ. ಗಾಡಿಯವರೆಗೂ ಬಂದ ಮಾವ ಮುಖದ ಬಣ್ಣ ಇನ್ನೂ ಪೂರ್ತಿ ತೊಳೆದಿರಲಿಲ್ಲ, ತೊಳೆಯಲು ಮನಸ್ಸು ಬಂದಿರಲಿಲ್ಲ ಅಂತ ಕಾಣುತ್ತದೆ. ನನ್ನ ನೋಟುಬುಕ್ಕನ್ನು ಕಚೇರಿಯಿಂದ ಜೋಪಾನವಾಗಿ ಬಿಡಿಸಿಕೊಂಡು ಬಂದು ಟವಲಿನಲ್ಲಿ ಸುತ್ತಿಟ್ಟಿದ್ದರು. ಅದನ್ನು ಎರಡೂ ಕೈಯಿಂದ ನನಗೆ ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದರು:

“ಬರೋ ವರ್ಷಾನೂ ನಂಗೇ ಪಾರ್ಟು ಅಂದವ್ರೆ ಸಾಯೇಬ್ರು. ನಾಟ್ಕಕ್ಕೆ ನಾಕು ದಿನ ಮುಂಚೆ ಬಂದು ಇದ್ರಾಗಿಂದ ಒಂದು ಕಾಗ್ದ ಬರ್ಕೊಡಿ ಅಳಿಯಂದ್ರೇ. ಕಚೇರಿಗೆ ಕೊಡಾಕಲ್ಲ. ನಂಗೆ ಕ್ವಾಪ ಬರಬೇಕಲ್ಲ, ಅದಕ್ಕೆ.”